ಉಚಿತ ಬೇರೆ, ದಾಸೋಹ ಬೇರೆ
ಬೆಲೆಯಿಲ್ಲದ ಮಿಂಚಂಚೆ ನಡೆದುಬಂದ ದಾರಿ

ನಮ್ಮ ಶರಣ ಪರಂಪರೆಯಲ್ಲಿ ಕೊಡುವ ಕ್ರಿಯೆಗೆ ದಾಸೋಹವೆಂದು ಹೆಸರು. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನಾಗಿ ನಿಲ್ಲುತ್ತಾನೆ. ತಾನು ಕೊಟ್ಟೆನೆಂಬ ಭಾವವೂ ಅವನಲ್ಲಿ ಉಳಿಯಬಾರದು. ಈ ಎರಡಕ್ಕೂ ಸೇರದ ಮೂರನೆಯ ಬಗೆಯ ಕೊಡುಗೆಯೊಂದು ಕಳೆದ ಮೂರು ದಶಕಗಳಲ್ಲಿ ನಮ್ಮ ಮನೆ ಮನೆಗಳನ್ನು ಹೊಕ್ಕಿದೆ. ಅದಕ್ಕೆ ‘ಉಚಿತ’ವೆಂದು ಹೆಸರು. ಸಂಸ್ಕೃತದಲ್ಲಿ ಈ ಶಬ್ದಕ್ಕೆ ತಕ್ಕುದು, ಯೋಗ್ಯವಾದುದು ಎಂದರ್ಥ. ನಮ್ಮ ಬಳಕೆಯ ಕನ್ನಡದಲ್ಲಿ ಅದು ಪುಕ್ಕಟೆ ಎಂಬ ಅರ್ಥಕ್ಕೆ ತಿರುಗಿದೆ. ಪುಕ್ಕಟೆಯಾಗಿ ಬಂದದ್ದೆಲ್ಲ ಯೋಗ್ಯವೋ ಎಂಬುದನ್ನು ಪರೀಕ್ಷಿಸಿ ನೋಡುವುದು ವಿವೇಕಿಗಳ ಲಕ್ಷಣ.

ಇಂದು ನಮ್ಮ ಸಮಾಜದ ಬಹುತೇಕ ಮನೆಗಳಲ್ಲಿ ಯಾರಾದರೊಬ್ಬರಿಗೆ ಉಚಿತ ಮಿಂಚಂಚೆಯ ವಿಳಾಸವಿದೆ. ಮಕ್ಕಳ ಶಾಲೆಯ ಅರ್ಜಿ, ಬ್ಯಾಂಕಿನ ಲೆಕ್ಕ, ಪರದೇಶದಲ್ಲಿರುವ ಮಗಳ ಕ್ಷೇಮ ಸಮಾಚಾರ ಎಲ್ಲವೂ ಅಲ್ಲಿಗೇ ಬರುತ್ತವೆ. ಅದನ್ನು ನಮಗೆ ಕೊಟ್ಟವರು ಯಾರು, ಏಕೆ ಕೊಟ್ಟರು, ಅದರ ವೆಚ್ಚವನ್ನು ಯಾರು ಭರಿಸಿದರು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಈ ಲೇಖನದಲ್ಲಿ ನಾವು ಆ ಇತಿಹಾಸವನ್ನು ಕ್ರಮವಾಗಿ ನೋಡಿ, ಕುಟುಂಬಸ್ಥರು ಅದರಿಂದ ತಿಳಿಯಬೇಕಾದುದನ್ನು ಹೇಳಲು ಬಯಸುತ್ತೇವೆ.

ಯಂತ್ರಕ್ಕೆ ಕಟ್ಟಿಹಾಕಿದ ಅಂಚೆ

ಗಣಕಯಂತ್ರಗಳ ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಪತ್ರ ಕಳುಹಿಸುವ ವಿಧಾನವನ್ನು 1971ರಲ್ಲಿ ರೂಪಿಸಿದವರು ಅಮೆರಿಕೆಯ ರೇ ಟಾಮ್ಲಿನ್‌ಸನ್. ಬಳಸುವವರ ಹೆಸರನ್ನೂ ಅವರ ಯಂತ್ರದ ಹೆಸರನ್ನೂ ಬೇರ್ಪಡಿಸಲು ಅವರು ‘ಆ್ಯಟ್’ ಚಿಹ್ನೆಯನ್ನು ಆರಿಸಿಕೊಂಡರು. ಇಂದಿಗೂ ಪ್ರತಿಯೊಂದು ಮಿಂಚಂಚೆ ವಿಳಾಸದ ನಡುವೆ ಅದೇ ಚಿಹ್ನೆ ಕುಳಿತಿದೆ. 2016ರಲ್ಲಿ ಅವರು ತೀರಿಕೊಂಡಾಗ, ಅವರನ್ನು ಎಂದೂ ಕಾಣದ ಕೋಟ್ಯಂತರ ಜನ ಅವರ ಕೃತಿಯನ್ನು ದಿನವೂ ಬಳಸುತ್ತಿದ್ದರು.

ಆದರೆ ಮುಂದಿನ ಎರಡು ದಶಕಗಳ ಕಾಲ ಈ ಅಂಚೆ ಸಾಮಾನ್ಯ ಜನರದಾಗಿರಲಿಲ್ಲ. ವಿಶ್ವವಿದ್ಯಾಲಯ, ಸಂಶೋಧನಾಲಯ ಅಥವಾ ದೊಡ್ಡ ಕಂಪನಿಯಲ್ಲಿದ್ದವರಿಗೆ ಮಾತ್ರ ವಿಳಾಸವಿರುತ್ತಿತ್ತು. ಮಿಕ್ಕವರು ತಿಂಗಳಿಗಿಷ್ಟೆಂದು ಹಣ ತೆತ್ತು ಸಂಪರ್ಕ ಪಡೆಯಬೇಕಾಗಿತ್ತು. ಉದ್ಯೋಗ ಬಿಟ್ಟರೆ ವಿಳಾಸವೂ ಹೋಗುತ್ತಿತ್ತು. ಬಂದ ಪತ್ರಗಳು ಸಾಮಾನ್ಯವಾಗಿ ಒಂದು ನಿರ್ದಿಷ್ಟ ಯಂತ್ರಕ್ಕೆ ಇಳಿದುಬರುತ್ತಿದ್ದುದರಿಂದ, ಆ ಯಂತ್ರದ ಮುಂದೆ ಕುಳಿತರೆ ಮಾತ್ರ ಅವನ್ನು ಓದಲು ಸಾಧ್ಯವಿತ್ತು. ಊರು ಬಿಟ್ಟು ಊರಿಗೆ ಹೋದವರ ಪಾಲಿಗೆ ಅದು ಬೀಗ ಹಾಕಿದ ಮನೆಯೊಳಗಿನ ಪೆಟ್ಟಿಗೆಯಾಗಿತ್ತು.

ಈ ಕಟ್ಟನ್ನು ಸಡಿಲಿಸಿದ್ದು ವಿಶ್ವವ್ಯಾಪಿ ಜಾಲ. ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಇದರ ಕಲ್ಪನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಲೋಕದ ಸರ್ವರಿಗೂ ಬಿಟ್ಟುಕೊಟ್ಟಿತು. ಅದನ್ನು ಬಳಸಿದವರಿಂದ ಪ್ರತಿಫಲ ಕೇಳಲಿಲ್ಲ; ಬಳಸುವವರ ಮೇಲೆ ಕಣ್ಣಿಡಲೂ ಇಲ್ಲ. ನಮ್ಮ ದೃಷ್ಟಿಯಲ್ಲಿ ದಾಸೋಹವೆಂಬ ಶಬ್ದಕ್ಕೆ ಸಮೀಪವಾದ ಕೊಡುಗೆ ಈ ಇತಿಹಾಸದಲ್ಲಿ ಇದ್ದರೆ, ಅದು ಇದೇ.

ಇಬ್ಬರು ಗೆಳೆಯರ ತೊಡಕು

ಚಂಡೀಗಢದಲ್ಲಿ 1968ರಲ್ಲಿ ಜನಿಸಿದ ಸಬೀರ್ ಭಾಟಿಯಾ ಬೆಳೆದದ್ದು ಬೆಂಗಳೂರಿನಲ್ಲಿ. ತಂದೆ ಸೈನ್ಯದಲ್ಲಿ ಅಧಿಕಾರಿ. ತಾಯಿ ಬ್ಯಾಂಕಿನ ಉದ್ಯೋಗಿ. ಬೆಂಗಳೂರಿನ ಸೇಂಟ್ ಜೋಸೆಫ್ ಬಾಲಕರ ಪ್ರೌಢಶಾಲೆಯಲ್ಲಿ ಓದಿ, ಪಿಲಾನಿಯ ಬಿಟ್ಸ್ ಸೇರಿ, ಅಲ್ಲಿಂದ 1988ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ಗೆ ಹೋದರು. ಆಗ ಅವರ ಬಳಿ ಇದ್ದದ್ದು 250 ಡಾಲರ್ ಮಾತ್ರ. ತರುವಾಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಆಪಲ್ ಕಂಪನಿಗೆ ಸೇರಿದರು. ಅಲ್ಲಿ ಜ್ಯಾಕ್ ಸ್ಮಿತ್ ಎಂಬ ಸಹೋದ್ಯೋಗಿಯ ಗೆಳೆತನವಾಯಿತು. ಇಬ್ಬರೂ ಬಳಿಕ ಫೈರ್‌ಪವರ್ ಸಿಸ್ಟಮ್ಸ್ ಎಂಬ ಸಣ್ಣ ಕಂಪನಿಗೆ ಹೋದರು.

ತಮ್ಮದೇ ಒಂದು ಉದ್ಯಮವನ್ನು ಪ್ರಾರಂಭಿಸುವ ವಿಚಾರ ಇಬ್ಬರಲ್ಲಿಯೂ ಇತ್ತು. ಅದನ್ನು ಕಚೇರಿಯ ಅಂಚೆಯಲ್ಲಿ ಚರ್ಚಿಸಿದರೆ ಮೇಲಿನವರ ಕಣ್ಣಿಗೆ ಬೀಳುವ ಭಯ. ಸ್ವಂತ ಖಾತೆಗಳನ್ನು ತೆರೆಯೋಣವೆಂದರೆ ಕಚೇರಿಯ ರಕ್ಷಣಾಗೋಡೆ ಅಡ್ಡ. ಆದರೆ ಜಾಲದ ಪುಟಗಳನ್ನು ನೋಡಲು ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಹಾಗಾದರೆ ಪತ್ರವನ್ನೇ ಜಾಲದ ಪುಟವನ್ನಾಗಿ ಮಾಡಿದರೆ ಹೇಗೆ ಎಂಬ ಆಲೋಚನೆ ಸ್ಮಿತ್ ಅವರಿಗೆ ಹೊಳೆಯಿತು. ಕಾರಿನಲ್ಲಿ ಮನೆಗೆ ಹೋಗುತ್ತಿದ್ದಾಗಲೇ ಅವರು ಭಾಟಿಯಾಗೆ ಮೊಬೈಲ್ ದೂರವಾಣಿಯಲ್ಲಿ ಇದನ್ನು ತಿಳಿಸಲು ತೊಡಗಿದರೆಂದೂ, ಬೇರೆ ಯಾರಾದರೂ ಕೇಳಿಸಿಕೊಂಡಾರೆಂದು ಭಾಟಿಯಾ ಅವರು, ಮನೆ ಮುಟ್ಟಿದ ಮೇಲೆ ಮತ್ತೆ ಕರೆ ಮಾಡಲು ಹೇಳಿದರೆಂದೂ ಪ್ರಸಿದ್ಧವಾಗಿದೆ.

ಇದೇ ಮಾರ್ಗದಲ್ಲಿ ಇತರರೂ ಆಲೋಚಿಸುತ್ತಿದ್ದರೆಂಬುದನ್ನು ಇಲ್ಲಿ ಹೇಳಬೇಕು. ಇಟಲಿಯ ಸಾರ್ಡೀನಿಯಾ ದ್ವೀಪದ ಸಂಶೋಧನಾ ಕೇಂದ್ರವೊಂದರಲ್ಲಿ ಲೂಕಾ ಮನುನ್ಜಾ ಎಂಬವರು 1995ರಲ್ಲಿಯೇ ಜಾಲದ ಮೂಲಕ ಪತ್ರ ಓದುವ ವ್ಯವಸ್ಥೆಯನ್ನು ಮಾಡಿ ತೋರಿಸಿದ್ದರು. ಅಮೆರಿಕೆಯ ಜೂನೋ ಎಂಬ ಸಂಸ್ಥೆ 1996ರ ಏಪ್ರಿಲ್‌ನಲ್ಲಿ ಜಾಹೀರಾತಿನ ಆಧಾರದ ಮೇಲೆ ಉಚಿತ ಅಂಚೆಯನ್ನು ಕೊಡತೊಡಗಿತು. ಆದರೆ ಅದಕ್ಕೆ ತನ್ನದೇ ತಂತ್ರಾಂಶವೂ ದೂರವಾಣಿ ತಂತಿಯೂ ಬೇಕಾಗಿದ್ದವು. ಉಚಿತವೂ ಆಗಿ, ಎಲ್ಲಿಂದಲಾದರೂ ತೆರೆಯುವಂತೆಯೂ ಇರುವುದನ್ನು ಜನಸಾಮಾನ್ಯರಲ್ಲಿಗೆ ದೊಡ್ಡ ಪ್ರಮಾಣದಲ್ಲಿ ಕೊಂಡೊಯ್ದವರು ಈ ಇಬ್ಬರು ಗೆಳೆಯರು.

ಬಂಡವಾಳ ಸುಲಭವಾಗಿ ಸಿಗಲಿಲ್ಲ. ಅನೇಕರು ಬೆನ್ನು ತಿರುಗಿಸಿದ ಮೇಲೆ ಡ್ರೇಪರ್ ಫಿಶರ್ ಜರ್ವೆಟ್‌ಸನ್ ಎಂಬ ಹೂಡಿಕೆ ಸಂಸ್ಥೆ 3 ಲಕ್ಷ ಡಾಲರ್ ಕೊಟ್ಟು ಶೇಕಡಾ 15ರ ಪಾಲು ಪಡೆಯಿತು. 1996ರ ಜುಲೈ 4ರಂದು, ಅಮೆರಿಕೆಯ ಸ್ವಾತಂತ್ರ್ಯ ದಿನದಂದು, ‘ಹಾಟ್‌ಮೇಲ್’ ಪ್ರಾರಂಭವಾಯಿತು. ಜಾಲದ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ನಾಲ್ಕೂ ಅಕ್ಷರಗಳು ಆ ಹೆಸರಿನಲ್ಲಿ ಅಡಗಿದ್ದವು. ಕಂಪನಿಯ ಕಟ್ಟಿನಿಂದ ಬಿಡುಗಡೆ ಎಂಬ ಅರ್ಥವೂ ಆ ದಿನದ ಆಯ್ಕೆಯಲ್ಲಿತ್ತು.

ಅಡಿಬರಹದ ಒಂದು ಸಾಲು

ಹಾಟ್‌ಮೇಲ್ ಹಬ್ಬಿದ ರೀತಿ ವ್ಯಾಪಾರದ ಇತಿಹಾಸದಲ್ಲಿಯೇ ಹೊಸದು. ಹೂಡಿಕೆದಾರರಾದ ಟಿಮ್ ಡ್ರೇಪರ್ ಅವರ ಸೂಚನೆಯಂತೆ, ಬಳಸುವವರು ಕಳುಹಿಸುವ ಪ್ರತಿ ಪತ್ರದ ಕೊನೆಯಲ್ಲಿ, ನಿಮಗೂ ಹಾಟ್‌ಮೇಲ್‌ನಲ್ಲಿ ಉಚಿತ ವಿಳಾಸ ದೊರೆಯುತ್ತದೆ ಎಂಬ ತಾತ್ಪರ್ಯದ ಒಂದು ಸಾಲು ತಾನಾಗಿ ಸೇರಿಕೊಳ್ಳುತ್ತಿತ್ತು. ಮಗ ತಾಯಿಗೆ ಬರೆದ ಕ್ಷೇಮ ಸಮಾಚಾರವೂ ಕಂಪನಿಯ ಪ್ರಚಾರಪತ್ರವಾಯಿತು. ಬರೆದ ಮಗನೇ ಸಂಬಳವಿಲ್ಲದ ಪ್ರಚಾರಕನಾದ. ಸೋಂಕಿನಂತೆ ಒಬ್ಬರಿಂದ ಒಬ್ಬರಿಗೆ ಹರಡುವ ಈ ವಿಧಾನಕ್ಕೆ ‘ವೈರಲ್ ಮಾರ್ಕೆಟಿಂಗ್’ ಎಂಬ ಹೆಸರು ರೂಢಿಗೆ ಬರಲು ಹಾಟ್‌ಮೇಲ್ ಮುಖ್ಯ ನಿದರ್ಶನವಾಯಿತು.

ಒಂದೂವರೆ ವರ್ಷದೊಳಗೆ ಬಳಸುವವರ ಸಂಖ್ಯೆ 80 ಲಕ್ಷವನ್ನು ಮೀರಿತು. 1997ರ ಡಿಸೆಂಬರ್ ಕೊನೆಯಲ್ಲಿ ಮೈಕ್ರೋಸಾಫ್ಟ್ ಕಂಪನಿ ಹಾಟ್‌ಮೇಲ್ ಅನ್ನು ಕೊಂಡುಕೊಂಡಿತು. ಬೆಲೆ ಸುಮಾರು 40 ಕೋಟಿ ಡಾಲರ್ ಎಂದು ಆಗ ವರದಿಯಾಯಿತು. ಓದುಗರು ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ಯಾರಿಂದಲೂ ಒಂದು ಪೈಸೆ ಶುಲ್ಕ ಪಡೆಯದ ವಸ್ತುವಿಗೆ ಇಷ್ಟು ಬೆಲೆ ಬಂದದ್ದು ಹೇಗೆ? ಕೊಂಡವರು ಕೊಂಡದ್ದು ಕೇವಲ ಯಂತ್ರಗಳನ್ನಲ್ಲ. ದಿನವೂ ಆ ಪುಟಕ್ಕೆ ಬಂದು ಹೋಗುವ ಲಕ್ಷಾಂತರ ಜನರ ಕಣ್ಣುಗಳನ್ನು ಕೊಂಡರು.

ಮತ್ತೊಂದು ಸಂಗತಿಯೂ ಗಮನಾರ್ಹ. ಹಾಟ್‌ಮೇಲ್‌ನ ಯಂತ್ರಗಳಲ್ಲಿ ಅನೇಕವು ಫ್ರೀ ಬಿಎಸ್‌ಡಿ ಎಂಬ ಮುಕ್ತ ತಂತ್ರಾಂಶದ ಮೇಲೆ ನಡೆಯುತ್ತಿದ್ದವು. ಲೋಕದ ಹಲವೆಡೆಯ ತಂತ್ರಜ್ಞರು ಸೇರಿ ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟ ಕೃತಿ ಅದು. ಹೆಸರಿಗೆ ಉಚಿತವಾದ ವ್ಯಾಪಾರವು ನಿಜವಾದ ನಿಷ್ಕಾಮ ಕಾಯಕದ ಅಡಿಪಾಯದ ಮೇಲೆ ನಿಂತಿತ್ತು. ಶಿಖರ ಕಂಡವರು ಬಹಳ. ಅಡಿಗಲ್ಲು ಕಂಡವರು ಕಡಿಮೆ.

ಅದೇ 1997ರ ಅಕ್ಟೋಬರ್‌ನಲ್ಲಿ ಯಾಹೂ ಸಂಸ್ಥೆಯು ಫೋರ್‌ಇಲೆವೆನ್ ಕಂಪನಿಯನ್ನೂ ಅದರ ರಾಕೆಟ್‌ಮೇಲ್ ಅನ್ನೂ ಕೊಂಡುಕೊಂಡು ಯಾಹೂ ಮೇಲ್ ಅನ್ನು ಪ್ರಾರಂಭಿಸಿತು. ಮುಂಬಯಿಯಲ್ಲಿ ಅಜಿತ್ ಬಾಲಕೃಷ್ಣನ್ ಅವರು 1996ರಲ್ಲಿ ಸ್ಥಾಪಿಸಿದ ರಿಡಿಫ್ ಸಂಸ್ಥೆಯ ರಿಡಿಫ್‌ಮೇಲ್ ನಮ್ಮ ದೇಶದಲ್ಲಿ ಮನೆಮಾತಾಯಿತು.

ನಮ್ಮ ನಾಡಿಗೆ ಬಂದ ಬಗೆ

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ವರ್ಷಕ್ಕೆ ಸಾವಿರಾರು ರೂಪಾಯಿಗಳ ಶುಲ್ಕ. ಮೇಲೆ ದೂರವಾಣಿಯ ಬಾಡಿಗೆ. 1998ರ ನವೆಂಬರ್‌ನಲ್ಲಿ ಖಾಸಗಿ ಸಂಸ್ಥೆಗಳಿಗೂ ಅವಕಾಶ ದೊರೆತ ಬಳಿಕ ಜಿಲ್ಲಾ ಕೇಂದ್ರಗಳಲ್ಲಿ, ಆಮೇಲೆ ತಾಲ್ಲೂಕು ಪಟ್ಟಣಗಳಲ್ಲಿ ಸೈಬರ್ ಕೆಫೆಗಳು ತಲೆಯೆತ್ತಿದವು. ಪಿ.ಯು. ಕಾಲೇಜಿನ ಪಕ್ಕದಲ್ಲಿ, ಬಸ್ ನಿಲ್ದಾಣದ ಮಹಡಿಯಲ್ಲಿ, ಹಲಗೆಯ ಗೋಡೆಗಳಿಂದ ಬೇರ್ಪಟ್ಟ ನಾಲ್ಕಾರು ಯಂತ್ರಗಳು; ಗಂಟೆಗಿಷ್ಟು ಎಂಬ ದರ.

ಜಾಲದ ಅಂಚೆಯ ಮಹತ್ವ ನಮ್ಮಂಥ ದೇಶದಲ್ಲಿ ಅಮೆರಿಕೆಗಿಂತಲೂ ಮಿಗಿಲಾಗಿತ್ತೆಂದು ನಾವು ತಿಳಿಯುತ್ತೇವೆ. ಅಲ್ಲಿನವರಿಗೆ ಅದು ಒಂದು ಅನುಕೂಲ. ಸ್ವಂತ ಗಣಕಯಂತ್ರವಿಲ್ಲದ, ಮನೆಯಲ್ಲಿ ದೂರವಾಣಿಯೂ ಇಲ್ಲದ ನಮ್ಮ ಹುಡುಗನಿಗೆ ಅದು ಜಗತ್ತಿನಲ್ಲಿ ಒಂದು ಸ್ಥಿರವಾದ ವಿಳಾಸ. ಬಾಡಿಗೆ ಕೋಣೆ ಬದಲಾದರೂ ಊರು ಬದಲಾದರೂ ಅದು ಬದಲಾಗುತ್ತಿರಲಿಲ್ಲ. ಹೊರದೇಶಕ್ಕೆ ದೂರವಾಣಿಯಲ್ಲಿ ಮಾತನಾಡಲು ನಿಮಿಷಕ್ಕೆ ಹತ್ತಾರು ರೂಪಾಯಿ ತೆರಬೇಕಾಗಿದ್ದ ಕಾಲದಲ್ಲಿ, ಸಮುದ್ರದಾಚೆಯ ಮಕ್ಕಳಿಗೂ ಇಲ್ಲಿಯ ತಂದೆ-ತಾಯಿಗಳಿಗೂ ಅದು ಸೇತುವೆಯಾಯಿತು. ಈ ಉಪಕಾರವನ್ನು ಮರೆಯುವುದು ಕೃತಘ್ನತೆಯಾದೀತು.

ಕನ್ನಡದ ಪಾಡು ಮಾತ್ರ ಕಷ್ಟದ್ದಾಗಿತ್ತು. 1991ರ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ಸಾಮಾನ್ಯ ಯಂತ್ರಗಳಿಗೆ ಅದು ತಲಪಲು ಬಹುಕಾಲ ಹಿಡಿಯಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ತಂತ್ರಾಂಶ 1998ರಲ್ಲಿ ಬಂದಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಅಕ್ಷರಗಳು ಸೇರಿದವು. ಅಲ್ಲಿಯವರೆಗೆ ನಮ್ಮವರು ಇಂಗ್ಲಿಷ್ ಅಕ್ಷರಗಳಲ್ಲಿಯೇ ಕನ್ನಡವನ್ನು ಬರೆದರು. ಕನ್ನಡದ ಅಕ್ಷರಗಳಲ್ಲಿ ಬರೆದರೂ, ಅದೇ ಲಿಪಿವಿನ್ಯಾಸ ಆಚೆಯ ಯಂತ್ರದಲ್ಲಿ ಇಲ್ಲದಿದ್ದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತಿದ್ದವು.

ಬೆಲೆ ತೆತ್ತವರು ಯಾರು?

2004ರ ಏಪ್ರಿಲ್ 1ರಂದು ಗೂಗಲ್ ಸಂಸ್ಥೆ ಜಿಮೇಲ್ ಅನ್ನು ಹೊರತಂದಿತು. ಅದನ್ನು ರೂಪಿಸಿದವರು ಪಾಲ್ ಬುಕೈಟ್. ಹಾಟ್‌ಮೇಲ್ ಆಗ ಉಚಿತ ಖಾತೆಗೆ 2 ಮೆಗಾಬೈಟ್, ಯಾಹೂ 4 ಮೆಗಾಬೈಟ್ ಜಾಗ ಕೊಡುತ್ತಿದ್ದರೆ, ಜಿಮೇಲ್ 1 ಗಿಗಾಬೈಟ್ ಕೊಟ್ಟಿತು. ಅಂದರೆ ಹಾಟ್‌ಮೇಲ್‌ನ ಸುಮಾರು ಐನೂರು ಪಟ್ಟು. ಏಪ್ರಿಲ್ ಒಂದರ ತಮಾಷೆಯೆಂದು ಹಲವರು ನಕ್ಕರು. ಆದರೆ ಪತ್ರದ ಮಾತುಗಳನ್ನು ಯಂತ್ರವೇ ಓದಿ, ಅದಕ್ಕೆ ತಕ್ಕ ಜಾಹೀರಾತನ್ನು ಪಕ್ಕದಲ್ಲಿ ತೋರಿಸುತ್ತದೆಯೆಂದು ತಿಳಿದಾಗ ಅನೇಕರು ಚಿಂತಿತರಾದರು. ಪತ್ರದಲ್ಲಿ ಮಗಳ ಮದುವೆಯ ಮಾತು ಬಂದರೆ ಆಭರಣದ ಅಂಗಡಿ ಹಣಿಕಿ ಹಾಕಬಹುದಾದ ವ್ಯವಸ್ಥೆ ಅದು. ಜಾಹೀರಾತಿಗಾಗಿ ಪತ್ರಗಳನ್ನು ಹೀಗೆ ಜಾಲಾಡುವುದನ್ನು ನಿಲ್ಲಿಸುವುದಾಗಿ ಗೂಗಲ್ ಪ್ರಕಟಿಸಿದ್ದು 2017ರಲ್ಲಿ, ಹದಿಮೂರು ವರ್ಷಗಳ ಮೇಲೆ.

ಭದ್ರತೆಯ ವಿಷಯದಲ್ಲಿಯೂ ಪಾಠಗಳಿವೆ. 1999ರ ಆಗಸ್ಟ್ ಕೊನೆಯಲ್ಲಿ, ಗುಪ್ತಪದ ತಿಳಿಯದೆಯೇ ಯಾರ ಹಾಟ್‌ಮೇಲ್ ಖಾತೆಯನ್ನಾದರೂ ತೆರೆಯಬಹುದಾದ ಲೋಪವೊಂದು ಬಯಲಾಗಿ, ಸೇವೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಯಾಹೂ ಸಂಸ್ಥೆಯ ಮೇಲೆ 2013ರಲ್ಲಿ ನಡೆದ ಕಳ್ಳತನದಲ್ಲಿ ಅದರ ಸುಮಾರು 300 ಕೋಟಿ ಖಾತೆಗಳೆಲ್ಲವೂ ತುತ್ತಾದವೆಂದು 2017ರಲ್ಲಿ ತಿಳಿದುಬಂದಿತು. ಖಾತೆಯುಳ್ಳವರಿಗೆ ಈ ಪೂರ್ಣ ಸಂಗತಿ ತಿಳಿಯಲು ನಾಲ್ಕು ವರ್ಷ ಬೇಕಾಯಿತು.

ಇದನ್ನೆಲ್ಲ ಹೇಳುವುದರಲ್ಲಿ ಆ ಸಂಸ್ಥೆಗಳನ್ನು ನಿಂದಿಸುವ ಉದ್ದೇಶ ನಮಗಿಲ್ಲ. ವ್ಯಾಪಾರವೂ ಒಂದು ಕಾಯಕವೇ. ಸತ್ಯಶುದ್ಧವಾಗಿ ಮಾಡಿದರೆ ಅದಕ್ಕೆ ಶರಣರ ಸಮ್ಮತಿಯೂ ಉಂಟು. ವ್ಯಾಪಾರವನ್ನು ವ್ಯಾಪಾರವೆಂದು ಅರಿತು ವ್ಯವಹರಿಸಬೇಕೆಂಬುದಷ್ಟೇ ನಮ್ಮ ಮಾತು. ದಾಸೋಹದ ಪಂಕ್ತಿಯಲ್ಲಿ ಕುಳಿತವನ ಹೆಸರು, ಊರು, ರುಚಿ, ನೋವುಗಳನ್ನು ಬರೆದುಕೊಂಡು ಯಾರೂ ಮಾರುವುದಿಲ್ಲ. ಉಚಿತದ ಪಂಕ್ತಿಯಲ್ಲಿ ಕುಳಿತವನು ಅಂಥ ಲೆಕ್ಕವೊಂದು ತನ್ನ ಹೆಸರಿನಲ್ಲಿ ಬರೆಯಲ್ಪಡುತ್ತಿದೆಯೆಂದು ತಿಳಿದಿರಬೇಕು.

ಉಳಿದದ್ದು, ಅಳಿದದ್ದು

ನಮ್ಮನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ಅದು ಪತ್ರಗಳ ನಾಶ. 2 ಮೆಗಾಬೈಟ್ ಎಂದರೆ ಇಂದಿನ ಮೊಬೈಲ್ ತೆಗೆಯುವ ಒಂದು ಭಾವಚಿತ್ರಕ್ಕೂ ಸಾಲದ ಜಾಗ. ಹೊಸ ಪತ್ರ ಬರಬೇಕಾದರೆ ಹಳೆಯದನ್ನು ಅಳಿಸಲೇಬೇಕಾಗಿತ್ತು. ಬಹುಕಾಲ ತೆರೆಯದ ಖಾತೆಗಳನ್ನು ಸಂಸ್ಥೆಗಳೇ ಬರಿದುಮಾಡುತ್ತಿದ್ದವು. ಕೆಲವು ಸೇವೆಗಳು ಪೂರ್ತಿಯಾಗಿ ಮುಚ್ಚಿಹೋದವು. ಅಲ್ಟಾವಿಸ್ಟಾ ಸಂಸ್ಥೆ 2002ರಲ್ಲಿಯೇ ತನ್ನ ಉಚಿತ ಅಂಚೆಯನ್ನು ನಿಲ್ಲಿಸಿತು. ಹಾಟ್‌ಮೇಲ್ ಸ್ವತಃ 2013ರ ಹೊತ್ತಿಗೆ ಔಟ್‌ಲುಕ್ ಎಂಬ ಹೊಸ ಹೆಸರಿನಲ್ಲಿ ಲೀನವಾಯಿತು. ಹಳೆಯ ವಿಳಾಸಗಳು ಮಾತ್ರ ಉಳಿದವು.

ನಮಗೆ ಪರಿಚಿತವಾದ ಒಂದು ಮನೆಯ ಸಂಗತಿಯನ್ನು ಹೇಳುತ್ತೇವೆ. ಮನೆಯ ಹಿರಿಯರು ನಿವೃತ್ತ ಶಿಕ್ಷಕರು. ಮಗ ಹೊರದೇಶಕ್ಕೆ ಹೋದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ ಸೈಬರ್ ಕೆಫೆಯ ಹುಡುಗನಿಂದ ಅಕ್ಷರ ಒತ್ತುವುದನ್ನು ಕಲಿತು, ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ ಹೋಗಿ ಮಗನಿಗೆ ಬರೆಯುತ್ತಿದ್ದರು. ಹೊಲದ ಬೆಳೆ, ಜಾತ್ರೆಯ ತೇರು, ಮನೆಯ ಬೇನೆ-ಬೇಸರಿಕೆ, ನಡುನಡುವೆ ಶರಣರ ನಡೆಯ ಕುರಿತ ನಾಲ್ಕು ಮಾತು. ಹೀಗೆ ಏಳೆಂಟು ವರ್ಷ ನಡೆಯಿತು. ಅವರು ಲಿಂಗೈಕ್ಯರಾದ ಬಳಿಕ, ವರ್ಷದ ಸ್ಮರಣೆಗೆ ಆ ಪತ್ರಗಳನ್ನು ಅಚ್ಚು ಮಾಡಿಸಬೇಕೆಂದು ಮಗ ಬಯಸಿದ. ಅಷ್ಟರಲ್ಲಿ ಅವನು ಉದ್ಯೋಗದ ಹೊಸ ವಿಳಾಸಕ್ಕೆ ಹೋಗಿ ಹಳೆಯ ಖಾತೆಯನ್ನು ಬಹುಕಾಲ ತೆರೆದಿರಲಿಲ್ಲ. ತಂದೆಯವರ ಖಾತೆಯ ಗುಪ್ತಪದ ಯಾರಿಗೂ ತಿಳಿದಿರಲಿಲ್ಲ. ಎರಡೂ ಬರಿದಾಗಿದ್ದವು.

ಉಳಿದದ್ದು ಹನ್ನೊಂದು ಪತ್ರಗಳು ಮಾತ್ರ. ಆ ಹನ್ನೊಂದನ್ನು ತಾಯಿಯವರು ಕಾಗದಕ್ಕೆ ಇಳಿಸಿ ತರಿಸಿಕೊಂಡು, ದೇವರ ಜಗಲಿಯ ಮೇಲೆ ವಿಭೂತಿಯ ಬಟ್ಟಲಿನ ಬದಿಗೆ ಮಡಿಚಿಟ್ಟಿದ್ದರು. “ನೋಡ್ರಿ ಶಾಸ್ತ್ರಿಗಳೇ, ಅವರು ಕೈಯಾರೆ ಬರೆದದ್ದಲ್ಲ, ಖರೆ. ಆದ್ರೂ ಮಾತು ಅವರದೇ ಅಲ್ಲೇನ್ರಿ?” ಎಂದು ಆ ತಾಯಿ ನಮಗೆ ಅವನ್ನು ತೋರಿಸಿದರು. ನಮಗೆ ಉತ್ತರ ಹೇಳಲಾಗಲಿಲ್ಲ.

ಈ ಸಂದರ್ಭದಲ್ಲಿ ವಿಜಯಪುರದ ಡಾ. ಫ.ಗು. ಹಳಕಟ್ಟಿಯವರ ನೆನಪು ಸಹಜವಾಗಿ ಬರುತ್ತದೆ. ಹನ್ನೆರಡನೆಯ ಶತಮಾನದ ವಚನಗಳು ಅವರಿಗೆ ದೊರೆತದ್ದು ಎಲ್ಲಿ? ಭಕ್ತರ ಮನೆಗಳಲ್ಲಿ ಮತ್ತು ಮಠಗಳಲ್ಲಿ. ಓಲೆಗರಿಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಪೂಜೆಯ ಸ್ಥಳದಲ್ಲಿರಿಸಿ, ಒಳಗಿನ ಅಕ್ಷರ ಓದಲು ಬಾರದವರೂ ತಲೆತಲಾಂತರ ಕಾಪಾಡಿದ್ದರು. ಹಳಕಟ್ಟಿಯವರು ಅವನ್ನು ಅರಸಿ ತಿರುಗಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಶತಮಾನಗಳ ಕಾಲ ಗೆದ್ದಲು, ಹೊಗೆ, ಮಳೆಗಳನ್ನು ಗೆದ್ದು ಓಲೆಗರಿ ಉಳಿಯಿತು. ಹತ್ತು ವರ್ಷದ ಹಿಂದಿನ ಮಿಂಚಂಚೆ ಉಳಿಯಲಿಲ್ಲ. ಕಾರಣ ಸ್ಪಷ್ಟ. ಓಲೆಗರಿಗೆ ಮನೆಯವರೇ ಕಾವಲುಗಾರರಾಗಿದ್ದರು. ಮಿಂಚಂಚೆಯ ಕಾವಲನ್ನು ನಾವು ಪರರಿಗೆ ಒಪ್ಪಿಸಿ ನಿಶ್ಚಿಂತರಾದೆವು.

ಕುಟುಂಬಸ್ಥರು ಮಾಡಬೇಕಾದುದು

ಈ ಅಪಾಯ ಹಳೆಯ ಕಾಲದ್ದೆಂದು ಯಾರೂ ತಿಳಿಯಬಾರದು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿ, ಅದೇ ವರ್ಷದ ಡಿಸೆಂಬರ್‌ನಿಂದ ಜಾರಿಗೆ ತಂದಿತು. ಆದಕಾರಣ ಕೆಲವು ಮಾತುಗಳನ್ನು ಸದ್ಭಕ್ತರ ಗಮನಕ್ಕೆ ತರುತ್ತೇವೆ.

ಮೊದಲನೆಯದಾಗಿ, ಮನೆಯಲ್ಲಿ ಯಾರ ಹೆಸರಿನಲ್ಲಿ ಯಾವ ಖಾತೆಗಳಿವೆಯೆಂಬುದನ್ನು ಬರೆದಿಡಬೇಕು. ಹಳೆಯ ಖಾತೆಗಳನ್ನು ಆಗಾಗ ತೆರೆದು ನೋಡಬೇಕು. ಎರಡನೆಯದಾಗಿ, ಗುಪ್ತಪದದ ಜೊತೆಗೆ ಮೊಬೈಲ್ ಮೂಲಕ ಎರಡನೆಯ ದೃಢೀಕರಣವನ್ನೂ ಅಳವಡಿಸಿಕೊಳ್ಳಬೇಕು. ಮೂರನೆಯದಾಗಿ, ಗೂಗಲ್‌ನ ಖಾತೆಯಲ್ಲಿ ನಿಷ್ಕ್ರಿಯ ಖಾತೆಯ ವ್ಯವಸ್ಥೆಯೊಂದು 2013ರಿಂದಲೂ ಇದೆ. ನಾವು ಬಹುಕಾಲ ಖಾತೆ ತೆರೆಯದಿದ್ದರೆ ಅದರಲ್ಲಿರುವುದನ್ನು ಯಾರಿಗೆ ಒಪ್ಪಿಸಬೇಕೆಂದು ಅಲ್ಲಿ ಮೊದಲೇ ನಮೂದಿಸಬಹುದು. ಹೊಲ-ಮನೆಗೆ ಉಯಿಲು ಬರೆಯುವವರು ಇದನ್ನೂ ಮರೆಯಬಾರದು. ನಾಲ್ಕನೆಯದಾಗಿ, ಪತ್ರಗಳೆಲ್ಲವನ್ನೂ ನಮ್ಮ ಯಂತ್ರಕ್ಕೆ ಇಳಿಸಿಕೊಳ್ಳಲು ‘ಟೇಕ್‌ಔಟ್’ ಎಂಬ ಸೌಲಭ್ಯವಿದೆ. ವರ್ಷಕ್ಕೊಮ್ಮೆ ಅದನ್ನು ಬಳಸಿಕೊಂಡು ಒಂದು ಪ್ರತಿಯನ್ನು ಮನೆಯಲ್ಲಿ ಇರಿಸಿಕೊಳ್ಳಬೇಕು.

ಕೊನೆಯದಾಗಿ, ತಂದೆ-ತಾಯಿಗಳ, ಗುರುಗಳ, ಹಿರಿಯರ ಪತ್ರಗಳಲ್ಲಿ ಉಳಿಯತಕ್ಕ ಮಾತು ಕಂಡರೆ ಅದನ್ನು ಕಾಗದಕ್ಕೆ ಇಳಿಸಿ ಕಾಪಾಡಿರಿ. ಬಸವಜಯಂತಿಗೋ ಶಿವರಾತ್ರಿಗೋ ಮನೆಮಂದಿಯೆಲ್ಲ ಕೂಡಿದಾಗ ಮಕ್ಕಳ ಕೈಯಿಂದ ಅದನ್ನು ಓದಿಸಿರಿ. ಉಚಿತವಾಗಿ ದೊರೆತ ಸಾಧನವನ್ನು ಬಳಸುವುದರಲ್ಲಿ ದೋಷವಿಲ್ಲ. ಆದರೆ ಹಿರಿಯರ ಮಾತನ್ನು ಕಾಯುವ ಹೊಣೆ ಉಚಿತವಾಗಿ ನಡೆಯುವಂಥದಲ್ಲ. ಅದು ಮನೆಯವರು ತಮ್ಮ ಕೈಯಾರೆ ಸಲ್ಲಿಸಬೇಕಾದ ಕಾಯಕ.